ಮೊಳೆಗೆ ತೂಗಿದ ಮುಚ್ಚಳ

೩ ಫೆಬ್ರವರಿ ೧೯೮೬

ಅಕ್ಕಾ,

ಪೆಟ್ಟಿಗೆ ಬಿಚ್ಚುವ ಮೊದಲು ಇದನ್ನು ಓದು. ನಿನ್ನ ಆತುರ ನನಗೆ ಗೊತ್ತಿಲ್ಲವೇ? ಒಳಗಿನ ಹುಲ್ಲನ್ನೆಲ್ಲ ಕಿತ್ತೆಸೆದು, ಅದರ ಜೊತೆ ನನ್ನ ಪತ್ರವನ್ನೂ ಗುಡಿಸಿ ಹಾಕುವವಳು ನೀನು. ಕಾಫಿ ಬೀಜ ಅರೆಯುವ ಗಿರಣಿಯ ಹಿಡಿಯನ್ನು ಬಿಚ್ಚಿ, ಬಟ್ಟೆ ಸುತ್ತಿ ಬೇರೆ ಇಟ್ಟಿದ್ದೇನೆ. ನೀಲಿ ಬಣ್ಣದ ಹಿಟ್ಟಿನ ಡಬ್ಬಿಯ ಅಂಚಿನಲ್ಲಿ ಒಂದು ಕಡೆ ಪಿಂಗಾಣಿ ಹಾರಿದೆ. ಅದನ್ನು ಭಾವನವರಿಗೆ ಮೊದಲೇ ಹೇಳಿಬಿಡು. ತೂಕ ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿಯವರ ಮೋಸ ಹಿಡಿದ ಕಣ್ಣು ಅವರದು, ನಾನು ಮುಚ್ಚಿಟ್ಟೆ ಅಂತ ಆಗಬಾರದು.

ಡಬ್ಬಿ ಸಿಕ್ಕಿದ್ದು ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ. ಮಾರುವ ಮುದುಕ ಅದನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ. ನಾನು ಬೆಲೆ ಕೇಳಿದರೆ ಎದ್ದು ಕೂತು, ನಮ್ಮಮ್ಮ ಇದರಲ್ಲಿ ಹಿಟ್ಟು ಇಟ್ಟಿದ್ದು ಎರಡು ದಿನ, ಅಂಗಿ ಗುಂಡಿ ಇಟ್ಟಿದ್ದು ನಲವತ್ತು ವರ್ಷ ಎಂದ. ನಿಜ ಅಕ್ಕಾ, ತಳದಲ್ಲಿ ಒಂದು ಗುಂಡಿ ಅಂಟಿಕೊಂಡೇ ಇತ್ತು. ಕೀಳಲಿಲ್ಲ, ನೀನು ನೋಡಲಿ ಅಂತ ಹಾಗೇ ಬಿಟ್ಟಿದ್ದೇನೆ.

ಅದೇ ಸಂತೆಯಲ್ಲಿ ಒಬ್ಬ ಬರೀ ಮುಚ್ಚಳಗಳನ್ನು ರಾಶಿ ಹಾಕಿಕೊಂಡು ಕೂತಿದ್ದ. ನೋಡಿದ ಕೂಡಲೇ ಅಪ್ಪ ನೆನಪಾದರು. ದೊಡ್ಡ ಹಂಡೆಗೆ ಕಲಾಯಿ ಹಾಕಿಸಬೇಕಾದವರು ಹಂಡೆ ಹೊರಲಾರದೆ ಮುಚ್ಚಳ ಮಾತ್ರ ತಂದು ಕೊಟ್ಟು ಹೋಗುತ್ತಿದ್ದರಲ್ಲ. ಅಪ್ಪ ಅದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದರು. ಮೊಳೆಯಲ್ಲಿ ಮುಚ್ಚಳ ಇದೆ ಅಂದರೆ ಹಂಡೆ ಇನ್ನೂ ಮನೆಯಲ್ಲೇ ಇದೆ, ಹೋಗಿ ತರಬೇಕು ಅಂತ. ನಾವಿಬ್ಬರೂ ಶಾಲೆಯಿಂದ ಬಂದವರೇ ಗಾಡಿ ತೆಗೆಯುತ್ತಿದ್ದೆವು. ನೀನು ಮುಂದೆ ಎಳೆಯುತ್ತಿದ್ದೆ, ನಾನು ಹಿಂದೆ ತಳ್ಳುವ ನಾಟಕ ಆಡುತ್ತಿದ್ದೆ. ಬೇಕರಿಯವನ ಹೆಂಡತಿಯ ಹಂಡೆ ತರಲು ಚಿಕ್ಕ ಗಾಡಿ ಒಯ್ದು, ಅದರ ತುಂಬ ಹಿಟ್ಟು ಇದ್ದದ್ದು ಗೊತ್ತಾಗದೆ ಗಾಡಿಯ ಅಚ್ಚು ಮುರಿಯಿತಲ್ಲ, ಆವತ್ತಿನಿಂದ ಅಪ್ಪ ಮುಚ್ಚಳ ತಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: “ತುಂಬಿದ್ಯಾ, ಖಾಲಿನಾ?” ಬರಿಗೈಯಲ್ಲಿ ವಾಪಸ್ ಬಂದರೆ ಮಾತ್ರ ನಮಗೆ ಊಟವಿಲ್ಲ.

ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಚಿಂತೆ ಬೇಡ. ಆ ಮೊಳೆ ಈಗಲೂ ಅಲ್ಲೇ ಇದೆ. ನನ್ನ ಅಂಗಿ ತೂಗುಹಾಕುತ್ತೇನೆ.

ನಿನ್ನ
ಮಸಿಮೂತಿ


೨೬ ಫೆಬ್ರವರಿ ೧೯೮೬

ಮಸಿಮೂತಿಗೆ,

ಕ್ಷೇಮ ಅಂತ ಮೊದಲು ಬರೆಯಬೇಕಂತೆ, ಬರೆದೆ. ಪೆಟ್ಟಿಗೆ ಭದ್ರವಾಗಿ ಬಂತು. ಗಿರಣಿಗೆ ೪೧೨ ಅಂತ ನಂಬರ್ ಬಿತ್ತು, ಡಬ್ಬಿಗೆ ೪೧೩. ಗುಂಡಿಗೆ ನಂಬರ್ ಕೊಡಬೇಕೋ ಬೇಡವೋ ಅಂತ ನಿನ್ನ ಭಾವ ಒಂದು ಗಂಟೆ ಯೋಚನೆ ಮಾಡಿ, ಅದನ್ನು ಡಬ್ಬಿಯ ಭಾಗ ಎಂದು ತೀರ್ಮಾನಿಸಿದರು. ಈ ಮನೆಯಲ್ಲಿ ನಂಬರ್ ಇಲ್ಲದವಳು ನಾನೊಬ್ಬಳೇ ಅಂತ ತಮಾಷೆ ಮಾಡಿದೆ. ಅವರು ನಗಲಿಲ್ಲ.

ನೀನು ಬಂದಾಗ ನೋಡಿದ್ದ ಮನೆ ಈಗಿಲ್ಲ. ಊಟದ ಮೇಜಿನ ಮೇಲೆ ತಕ್ಕಡಿಗಳಿವೆ, ನಾವು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತೇವೆ. ಅಡಿಗೆಮನೆಯ ಕಿಟಕಿಗೆ ಅಡ್ಡವಾಗಿ ಹಲಗೆ ಹೊಡೆಸಿ ಚಹಾ ಕುದಿಸುವ ಕೆಟಲ್‌ಗಳನ್ನು ಸಾಲಾಗಿ ಇಟ್ಟಿದ್ದಾರೆ. ಹಗಲೂ ದೀಪ ಹಾಕಿಕೊಂಡೇ ಒಲೆ ಹಚ್ಚಬೇಕು. ಐನೂರು ಪಾತ್ರೆ ಇರುವ ಮನೆಯಲ್ಲಿ ನಾನು ಅಡಿಗೆ ಮಾಡುವುದು ಒಂದು ಅಲ್ಯೂಮಿನಿಯಂ ತಪ್ಪಲೆಯಲ್ಲಿ. ಉಳಿದವನ್ನು ನಿಂಬೆ, ಉಪ್ಪು ಹಾಕಿ ತಿಕ್ಕುವುದಷ್ಟೇ ನನ್ನ ಪಾಲು. ದಿನಕ್ಕೆ ಇಪ್ಪತ್ತು. ಕೈ ಬಿರಿದಿದೆ, ಅದಕ್ಕೇ ಅಕ್ಷರ ಸೊಟ್ಟಗಿದೆ.

ಮೊದಲೆಲ್ಲ ನಾನೂ ಅವರ ಜೊತೆ ಭಾನುವಾರ ಸಂತೆಗೆ ಹೋಗುತ್ತಿದ್ದೆ, ನಿನಗೆ ಗೊತ್ತಲ್ಲ. ಯಾರದೋ ಮನೆಯ ಸವೆದ ಸೌಟನ್ನು ಕೈಯಲ್ಲಿ ಹಿಡಿದರೆ ಎಷ್ಟು ಚೆನ್ನಾಗಿರುತ್ತಿತ್ತು. ಆಮೇಲೆ ಅವರ ಹಾಗೇ ಸಾಮಾನು ಕೂಡಿಸುವ ಒಬ್ಬರ ಮನೆಗೆ ಕಳ್ಳರು ನುಗ್ಗಿದರಂತೆ. ಅಂದಿನಿಂದ ಮನೆಯಲ್ಲಿ ಯಾವಾಗಲೂ ಒಬ್ಬರು ಇರಲೇಬೇಕು ಎಂದಾಯಿತು. ಅವರು ಹೊರಗೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಾರೆ, ಒಳಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ. ಬಾಗಿಲು ತೆಗೆಯಲು ಏಳುವ ಕೆಲಸ ತಪ್ಪಿತು ಅಂತಿಟ್ಟುಕೋ. ಬೀದಿಯಲ್ಲಿ ನಡೆದು ಎಷ್ಟು ದಿನವಾಯಿತು ಅಂತ ಲೆಕ್ಕ ಹಾಕಲು ಹೊರಟೆ. ಹೋಗಲಿ ಬಿಡು.

ಮಲಗುವ ಕೋಣೆಯ ಕಿಟಕಿ ಇನ್ನೂ ಇದೆ. ಅದರಿಂದ ಪಕ್ಕದ ಮನೆಯ ದರ್ಜಿ ಹೆಂಗಸು ಹೊಲಿಯುವುದು ಕಾಣುತ್ತದೆ. ಇಬ್ಬರೂ ಮಾತಾಡಿಕೊಳ್ಳುತ್ತೇವೆ. ಅವಳ ಮೆಷಿನ್ನಿನ ಸದ್ದು ಕೇಳುತ್ತಿದ್ದರೆ ಹೊತ್ತು ಹೋಗುತ್ತದೆ.

ಮೊಳೆಯ ವಿಷಯ ಬರೆದೆಯಲ್ಲ, ಎರಡು ಸಲ ಓದಿದೆ.

ನಿನ್ನ ಅಕ್ಕ

ಪತ್ರ ಓದಿದ್ದೇನೆ. ಪಾತ್ರೆಗಳು ಐನೂರು ಅಲ್ಲ, ನಾಲ್ಕುನೂರ ಹದಿಮೂರು. ಪಿಂಗಾಣಿ ಹಾರಿದ್ದನ್ನು ಮೊದಲೇ ತಿಳಿಸಿದ್ದು ಸಂತೋಷ. ಸೋರುವ ಕೆಟಲ್ ಒಂದಿದೆ, ಬೆಸುಗೆಗೆ ಕಳಿಸಬಹುದೇ? — ಭಾವ


೨೦ ಮಾರ್ಚ್ ೧೯೮೬

ಅಕ್ಕಾ,

ಗಂಡ ಹೆಂಡತಿ ಒಂದೇ ಕಾಗದದಲ್ಲಿ ಬರೆಯುವುದನ್ನು ನೋಡಿ ಖುಷಿಯಾಯಿತು. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನ ಹಳೇ ಸಾಮಾನು ಕೊಂಡು ಹೆಂಡತಿಗೆ ಗೊತ್ತಾಗದ ಹಾಗೆ ಅಟ್ಟದ ಮೇಲೆ ಬಚ್ಚಿಡುತ್ತಾರೆ. ನಿಮ್ಮಿಬ್ಬರದು ಒಂದೇ ಹುಚ್ಚು, ಪುಣ್ಯ ಮಾಡಿದ್ದೀಯ. ಹೊರಗೆ ಹೋಗುವುದಿಲ್ಲ ಅಂತ ಕೊರಗಬೇಡ. ಸಂತೆ ಸುತ್ತುವ ಕಷ್ಟ ನನಗೆ ಗೊತ್ತು, ಬಿಸಿಲಲ್ಲಿ ಬೆನ್ನು ಮುರಿಯುತ್ತದೆ. ಸಂತೆಯೇ ನಿನ್ನ ಮನೆಗೆ ಬಂದ ಹಾಗಾಯಿತಲ್ಲ.

ಒಂದು ವಾರ ಬಂದು ಇದ್ದು ಹೋಗು ಅಂತ ಎಷ್ಟು ಸಲ ಕರೆದೆ? ಪ್ರತಿ ಸಲವೂ ನೋಡೋಣ, ಆಗಲಿ, ಈ ತಿಂಗಳು ಕಳೆಯಲಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುತ್ತೀಯ. ದೊಡ್ಡ ಮನೆಯವಳಾದೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಲು ಈಗ ಆಗುವುದಿಲ್ಲವೇನೋ.

ಕೆಟಲ್ ಕಳಿಸು. ಬೆಸುಗೆ ಹಾಕಿ ಒಳಗೆ ಹೊಸ ಕಲಾಯಿಯನ್ನೂ ಮಾಡಿ ಕೊಡುತ್ತೇನೆ.

ಮಸಿಮೂತಿ


೧೮ ಏಪ್ರಿಲ್ ೧೯೮೬

ಪುಟ್ಟಾ,

ಕೆಟಲ್ ಕಳಿಸಿದ್ದೇನೆ. ಅದರ ಕೆಳಗೆ ಒಂದು ದೊಡ್ಡ ತಾಮ್ರದ ಮುಚ್ಚಳ ಇದೆ. ಜೋಡಿ ಇಲ್ಲದ ಮುಚ್ಚಳಗಳನ್ನು ನಿನ್ನ ಭಾವ ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟಿರುತ್ತಾರೆ, ಅದರಿಂದ ಆರಿಸಿದೆ. ಕಳಿಸಲೇ ಅಂತ ಕೇಳಿದೆ, ಕಳಿಸು ಎಂದರು.

ಅಂಗಡಿ ಈಗಲೂ ಹಾಗೇ ಇದೆಯಾ? ಬಾಗಿಲ ಹಿಂದಿನ ಮೊಳೆಯಿಂದ ನಿನ್ನ ಅಂಗಿ ತೆಗೆದು, ಈ ಮುಚ್ಚಳವನ್ನು ಅಲ್ಲಿ ತೂಗುಹಾಕು. ತೂಗುಹಾಕಿ ಒಂದು ಗಳಿಗೆ ಎದುರಿಗೆ ನಿಂತು ನೋಡು. ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರು ಅಂತ ಯೋಚನೆ ಮಾಡು. ಇಷ್ಟೇ ನಾನು ಹೇಳುವುದು, ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ದೊಡ್ಡ ಮನೆಯವಳು ಅಂತ ಬರೆದೆಯಲ್ಲ. ಅದನ್ನು ಓದಿ ಬೇಜಾರಾಯಿತು.

ನಿನ್ನ ದಾರಿ ನೋಡುವ
ಅಕ್ಕ

ಮುಚ್ಚಳದ ಅಡ್ಡಳತೆ ಹದಿನೇಳೂವರೆ ಅಂಗುಲ. ಅಂಚು ಹಗ್ಗ ಹೊಸೆದ ಹಾಗಿದೆ, ಹಿಡಿಯ ಬುಡದಲ್ಲಿ ಮೂರು ರಿವೆಟ್. ಇದರ ಹಂಡೆಯನ್ನು ಹುಡುಕಿ ಕೊಟ್ಟರೆ ನಿಮ್ಮನ್ನು ಜಾಣರೆಂದು ಒಪ್ಪುತ್ತೇನೆ. ನಿಮ್ಮಕ್ಕನಿಗೆ ಈಗೀಗ ಸಂಗ್ರಹದಲ್ಲಿ ನಿಜವಾದ ಆಸಕ್ತಿ ಹುಟ್ಟಿದೆ. — ಭಾವ


೨ ಜೂನ್ ೧೯೮೬

ಅಕ್ಕಾ,

ನೀನು ಹೇಳಿದ ಹಾಗೇ ಮಾಡಿದೆ. ಅಂಗಿ ತೆಗೆದು ಮುಚ್ಚಳ ತೂಗುಹಾಕಿ ಎದುರಿಗೆ ನಿಂತೆ. ಅಪ್ಪ ಏನು ಹೇಳುತ್ತಿದ್ದರು? “ಮೂರು ರಿವೆಟ್ಟಿನ ಕೆಲಸ, ಹಳೇ ಕೈ ಕಣೋ ಇದು” ಅನ್ನುತ್ತಿದ್ದರು. ನನಗೂ ಹಾಗೇ ಅನಿಸಿತು. ಇಂಥ ಅಂಚು ಈಗ ಯಾರೂ ಕಟ್ಟುವುದಿಲ್ಲ. ಭಾವನವರ ಸವಾಲು ಒಪ್ಪಿಕೊಂಡೆ.

ಮರುದಿನವೇ ಮೊಳೆಯಿಂದ ಇಳಿಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ಆರು ಭಾನುವಾರಗಳಿಂದ ಅದು ನನ್ನ ಜೊತೆ ಸಂತೆ ಸುತ್ತುತ್ತಿದೆ. ಕಂಡ ಕಂಡ ಹಂಡೆಯ ಮೇಲೆಲ್ಲ ಇಟ್ಟು ನೋಡುತ್ತೇನೆ. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಸರಿಯಾಗಿ ಕೂರುತ್ತದೆ ಅನ್ನುವಷ್ಟರಲ್ಲಿ ಅಲುಗಾಡುತ್ತದೆ. ಸಂತೆಯವರು ನನ್ನನ್ನು ನೋಡಿದರೆ, ಬಂದ ನೋಡು ಹೆಣ್ಣಿನ ಕಡೆಯವನು, ಇವತ್ತಾದರೂ ಗಂಡು ಒಪ್ಪಿಗೆಯಾಯಿತಾ ಅಂತ ರೇಗಿಸುತ್ತಾರೆ.

ದಾರಿ ನೋಡುವ ಅಕ್ಕ ಅಂತ ಬರೆದಿದ್ದೀಯ. ಇಷ್ಟು ಆಸೆಯಿಂದ ನೀನು ಯಾವತ್ತೂ ಏನನ್ನೂ ಕೇಳಿದವಳಲ್ಲ. ಮದುವೆಗೂ ಸೀರೆ ಬೇಡ ಅಂದವಳು. ಹುಡುಕದೆ ಬಿಡುವುದಿಲ್ಲ.

ಮಸಿಮೂತಿ


೧೧ ಆಗಸ್ಟ್ ೧೯೮೬

ಅಕ್ಕಾ,

ಹೋದ ಪತ್ರಕ್ಕೆ ಉತ್ತರ ಬರಲಿಲ್ಲ. ಮೈಯಲ್ಲಿ ಹುಷಾರಿದೆ ತಾನೇ? ಇರಲಿ, ಈ ಸುದ್ದಿ ಕೇಳಿದರೆ ಎದ್ದು ಕುಣಿಯುತ್ತೀಯ. ಸಿಕ್ಕಿತು!

ಸಂತೆಯಲ್ಲಲ್ಲ. ಹಾಸ್ಟೆಲ್ ಒಂದನ್ನು ಕೆಡವುತ್ತಿದ್ದರು, ಅಲ್ಲಿಯ ಸಾಮಾನನ್ನು ಗುಜರಿಯವನೊಬ್ಬ ಸಗಟಾಗಿ ಎತ್ತಿದ್ದ. ಅವನ ಹಿತ್ತಲಲ್ಲಿ ಹಂಡೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದ. ಹಗ್ಗದ ಅಂಚು ಕಂಡಿತು. ಸ್ವಲ್ಪ ಏಳಿ ಸ್ವಾಮಿ ಅಂದೆ. ಮುಚ್ಚಳ ಇಟ್ಟರೆ ಟಕ್ ಅಂತ ಕೂತಿತು, ಅಕ್ಕಾ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ನಾಲ್ಕು ದಿನ ಕೂತು ತಟ್ಟಿ ನೆಗ್ಗು ತೆಗೆದಿದ್ದೇನೆ. ಹಂಡೆ, ಮುಚ್ಚಳ ಎರಡಕ್ಕೂ ಒಳಗೆ ಹೊಸ ಕಲಾಯಿ. ಮುಖ ನೋಡಿಕೊಳ್ಳಬಹುದು, ಹತ್ತು ವರ್ಷ ಅಲುಗುವುದಿಲ್ಲ, ಬರೆದು ಕೊಡುತ್ತೇನೆ. ಲಾರಿಗೆ ಹಾಕಿದ್ದೇನೆ. ಇಬ್ಬರು ಹಿಡಿದು ಇಳಿಸಲಿ, ತುಂಬಾ ಭಾರ ಇದೆ.

ಮಸಿಮೂತಿ


೯ ಸೆಪ್ಟೆಂಬರ್ ೧೯೮೬

ತಮ್ಮನಿಗೆ,

ಹಂಡೆ ತಲುಪಿತು. ಚೆನ್ನಾಗಿದೆ. ಇಡಲು ಬೇರೆ ಎಲ್ಲೂ ಜಾಗ ಇರಲಿಲ್ಲ, ಮಲಗುವ ಕೋಣೆಯ ಕಿಟಕಿಯ ಮುಂದೆ ಕಲ್ಲಿನ ಪೀಠ ಮಾಡಿಸಿ ಇಟ್ಟಿದ್ದಾರೆ. ಕಿಟಕಿಯ ಬಾಗಿಲು ಈಗ ತೆರೆಯುವುದಿಲ್ಲ. ದರ್ಜಿಯ ಮೆಷಿನ್ನಿನ ಸದ್ದು ಹಂಡೆಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ.

ನಾಲ್ಕು ದಿನ ಕೂತು ತಟ್ಟಿದೆ ಅಂತ ಬರೆದಿದ್ದೆ. ಕೈ ನೋಯಿಸಿಕೊಳ್ಳಬೇಡ.

ಅಕ್ಕ

ಅದ್ಭುತ. ನಂಬರ್ ೪೪೦. ಇಪ್ಪತ್ತೆರಡು ಕೆಜಿ ನಾಲ್ಕುನೂರು ಗ್ರಾಂ. ಮುಚ್ಚಳದ ಜೋಡಿ ಹುಡುಕಿದ್ದು ಸಾಮಾನ್ಯ ಕೆಲಸವಲ್ಲ, ನೀವು ಜಾಣರು. ಕಿಟಕಿ ಮುಚ್ಚಿದ್ದರಿಂದ ಭದ್ರತೆಯೂ ಹೆಚ್ಚಿತು. — ಭಾವ


೧ ಅಕ್ಟೋಬರ್ ೧೯೮೬

ಅಕ್ಕಾ,

ಏನಾಯಿತು? ಆರು ಸಾಲು ಬರೆದಿದ್ದೀಯ, ಅದರಲ್ಲಿ ಒಂದು ನಗುವೂ ಇಲ್ಲ. ತಳದ ಹತ್ತಿರ ಒಂದು ಸಣ್ಣ ನೆಗ್ಗು ಉಳಿದಿದೆ, ಅದನ್ನು ನೋಡಿ ಬೇಸರವಾಯಿತಾ? ಅದನ್ನು ತೆಗೆಯಲು ಹೋದರೆ ತಾಮ್ರ ಹರಿಯುತ್ತಿತ್ತು. ಅಥವಾ ನಿನಗೆ ಬೇಕಾದ ಹಂಡೆ ಇದಲ್ಲವಾ? ಮೂರು ತಿಂಗಳು ಹುಡುಕಿದ್ದೇನೆ, ನನಗೂ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಬೇಡವಾದರೆ ಬೇಡ ಅನ್ನು, ವಾಪಸ್ ತರಿಸಿಕೊಳ್ಳುತ್ತೇನೆ. ಬಾಯಿ ಬಿಟ್ಟು ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

ಮಸಿಮೂತಿ


೧೨ ನವೆಂಬರ್ ೧೯೮೬

ತಮ್ಮನಿಗೆ,

ಮುಚ್ಚಳ ಕಳಿಸುತ್ತಿದ್ದೇನೆ. ಅದೇ ಮುಚ್ಚಳ. ಕಲಾಯಿ ಹೋಗಿದೆ.

ಅಕ್ಕ

ನನ್ನ ಕಣ್ಣಿಗೆ ಕಲಾಯಿ ಚೆನ್ನಾಗಿಯೇ ಇದೆ. ನಿಮ್ಮಕ್ಕ ಕೇಳುವುದಿಲ್ಲ, ಎರಡು ದಿನದಿಂದ ಊಟ ಬಿಟ್ಟು ಕೂತಿದ್ದಾಳೆ. ಅವಳ ಸಮಾಧಾನಕ್ಕೆ ಒಮ್ಮೆ ನೋಡಿ ಬೇಗ ಹಿಂತಿರುಗಿಸಿ. ಹಂಡೆ ಮುಚ್ಚಳವಿಲ್ಲದೆ ಅಪೂರ್ಣವಾಗಿ ಕಾಣುತ್ತದೆ. — ಭಾವ


೨೦ ನವೆಂಬರ್ ೧೯೮೬

ಅಕ್ಕಾ,

ಮುಚ್ಚಳ ಬಂತು. ತಿರುಗಿಸಿ ನೋಡಿದೆ. ಕಲಾಯಿ ನಾನು ಹಾಕಿದ ಹಾಗೇ ಹೊಳೆಯುತ್ತಿದೆ, ಉಗುರು ತಾಗಿದ ಗೆರೆಯೂ ಇಲ್ಲ. ನಿನಗೇನು ತಲೆ ಕೆಟ್ಟಿದೆಯಾ ಅಂತ ಬೈಯುತ್ತಾ, ಕೈ ಖಾಲಿ ಮಾಡಿಕೊಳ್ಳಲು ಅದನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದೆ. ಒಲೆ ಹೊತ್ತಿಸಿದೆ. ನಾಲ್ಕು ಸ್ಪೂನು ತಿಕ್ಕಿದೆ. ತಲೆ ಎತ್ತಿ ನೋಡಿದರೆ ಅದು ಅಲ್ಲಿ ತೂಗುತ್ತಿತ್ತು.

ಈ ಮುಚ್ಚಳದ ಹಂಡೆ ಎಲ್ಲಿದೆ ಅಂತ ನನಗೆ ಗೊತ್ತು. ಹುಡುಕುವುದು ಏನೂ ಇಲ್ಲ. ಹಂಡೆ ಮನೆಯಲ್ಲಿದೆ, ಮುಚ್ಚಳ ಮೊಳೆಯಲ್ಲಿದೆ. ಕಲಾಯಿಗಾರನ ಮಗ ನಾನು, ಇದರ ಅರ್ಥ ಎಂಟು ವರ್ಷದವನಿದ್ದಾಗ ಗೊತ್ತಿತ್ತು. ನಲವತ್ತಕ್ಕೆ ಮರೆತೆ. ಕೈಯಲ್ಲಿದ್ದ ಸ್ಪೂನು ಕೆಳಗಿಟ್ಟೆ. ಆಮೇಲೆ ನಿನ್ನ ಪತ್ರಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ, ಒಂದೊಂದು ಕಿಟಕಿಯನ್ನೂ.

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ಅಂಗಡಿ ಚೆನ್ನಾಗಿ ನಡೆಯುತ್ತಿದೆ ಅಂದದ್ದು ಸುಳ್ಳು. ಈಗ ಕಲಾಯಿ ಹಾಕಿಸುವವರು ಯಾರು? ಎರಡು ವರ್ಷದಿಂದ ಭಾವನವರು ನನ್ನಿಂದ ಕೊಂಡುಕೊಂಡ ಸಾಮಾನಿನ ದುಡ್ಡಿನಿಂದಲೇ ಈ ಬಾಗಿಲು ತೆರೆದಿದೆ. ಅದಕ್ಕೇ ನಿನ್ನ ಮನೆಯನ್ನು ಗಿರಾಕಿಯ ಮನೆ ಅಂತ ನೋಡಿದೆ, ಅಕ್ಕನ ಮನೆ ಅಂತ ನೋಡಲಿಲ್ಲ. ನನಗೆ ನಾಚಿಕೆಯಾಗುತ್ತಿದೆ.

ಭಾವನವರೂ ಇದನ್ನು ಓದುತ್ತಾರೆ, ಓದಲಿ. ಭಾವನವರೇ, ಡಿಸೆಂಬರ್ ಏಳನೇ ತಾರೀಕು ಬೆಳಿಗ್ಗೆ ನಾನು ನಿಮ್ಮಲ್ಲಿಗೆ ಬರುತ್ತಿದ್ದೇನೆ. ಸಂತೆಗೆ ಹೋಗಬೇಡಿ, ಮನೆಯಲ್ಲಿರಿ. ಬಾಗಿಲು ನೀವೇ ತೆಗೆಯಬೇಕು, ನೀವಿಲ್ಲದಾಗ ಬರಲು ನಾನು ಕಳ್ಳನಲ್ಲ. ಮುಚ್ಚಳ ತೆಗೆದುಕೊಂಡ ಮೇಲೆ ಬರಿಗೈಯಲ್ಲಿ ವಾಪಸಾಗುವುದು ನಮ್ಮ ಅಂಗಡಿಯಲ್ಲಿ ಇಲ್ಲ.

ಅಕ್ಕಾ, ಅಪ್ಪ ಕೇಳುತ್ತಿದ್ದುದನ್ನು ನಾನೂ ಕೇಳಬೇಕು. ತುಂಬಿದ್ಯಾ, ಖಾಲಿನಾ? ಎಷ್ಟು ದೊಡ್ಡ ಗಾಡಿ ತರಲಿ? ಒಂದು ಸಾಲು ಬರೆ.

ನಿನ್ನ ತಮ್ಮ


೧ ಡಿಸೆಂಬರ್ ೧೯೮೬

ಪುಟ್ಟಾ,

ನಿನ್ನ ಭಾವ ಓದದೆ ನಿನಗೆ ಬರುವ ಮೊದಲನೇ ಪತ್ರ ಇದು. ಕೆಳಗೆ ಅವರ ಅಕ್ಷರ ಹುಡುಕಬೇಡ.

ನೀನು ಬರುವುದು ಹಂಡೆಯ ಕಲಾಯಿಗೆ ಅಂತ ಅವರು ಅಂದುಕೊಂಡಿದ್ದಾರೆ. ಒಂದೊಂದು ಕಿಟಕಿಯನ್ನೂ ಓದಿದೆ ಅಂತ ನೀನು ಬರೆದ ಸಾಲನ್ನು ಎರಡು ಸಲ ಓದಿದರು, ನಿನ್ನ ತಮ್ಮನಿಗೆ ಬೆಂಕಿಯ ಮುಂದೆ ಕೂತು ಕೂತು ತಲೆ ಕಾದಿದೆ ಎಂದರು. ಹಂಡೆ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಅಂತ ಒಂದು ರಸೀದಿಯನ್ನೂ ಬರೆದಿಟ್ಟಿದ್ದಾರೆ, ನೀನು ಸಹಿ ಹಾಕಬೇಕಂತೆ.

ನಿನ್ನೆ ಅವರು ಸಂತೆಗೆ ಹೋದ ಮೇಲೆ ನಾನು ಹಂಡೆಗೆ ಬೆನ್ನು ಕೊಟ್ಟು, ಕಾಲನ್ನು ಗೋಡೆಗೆ ಒತ್ತಿ ತಳ್ಳಿದೆ. ನಾಲ್ಕು ಬೆರಳಿನಷ್ಟು ಜರುಗಿತು. ಕಿಟಕಿಯ ಒಂದು ಬಾಗಿಲು ಕೈ ತೂರುವಷ್ಟು ತೆರೆಯಿತು. ದರ್ಜಿಯನ್ನು ಕರೆದೆ. ಮೂರು ತಿಂಗಳಿಂದ ನಿಮ್ಮ ದನಿಯೇ ಇಲ್ಲ, ಊರಿಗೆ ಹೋದಿರೇನೋ ಅಂದುಕೊಂಡಿದ್ದೆ ಎಂದಳು. ಕಾಗದ, ಲಕೋಟೆ ಅವಳೇ ಕೊಟ್ಟಳು. ಬರೆದು ಈ ಸಂದಿಯಿಂದ ಅವಳ ಕೈಗೆ ಕೊಡುತ್ತೇನೆ.

ಕಿಟಕಿ ಪೂರ್ತಿ ತೆರೆದಿದ್ದಾಗಲೇ ಹೀಗೆ ಮಾಡಬಹುದಿತ್ತಲ್ಲ ಅಂತ ನೀನು ಕೇಳುತ್ತೀಯ. ಮಾಡಬಹುದಿತ್ತು. ಮಾಡಲಿಲ್ಲ. ಅವರು ಒಂದು ದಿನವೂ ಕೈ ಎತ್ತಿದವರಲ್ಲ, ಬೈದವರಲ್ಲ, ಊಟಕ್ಕೆ ಕಮ್ಮಿ ಮಾಡಿದವರಲ್ಲ. ಏನಂತ ದೂರುವುದು? ಗಂಡ ಪಾತ್ರೆ ಕೂಡಿಸುತ್ತಾನೆ ಅಂತಲೇ? ಬೇರೆಯವರಾದರೆ ನಗುತ್ತಿದ್ದರು. ಮನೆ ಮಾತು ಬೀದಿಗೆ ಹೋಗಬಾರದು ಅಂತ ನಾನೇ ತುಟಿ ಹೊಲಿದುಕೊಂಡೆ. ಎರಡು ವರ್ಷ ಏಳು ತಿಂಗಳಾಯಿತು ನಾನು ಹೊಸ್ತಿಲು ದಾಟಿ. ಒಂದು ಸಲ ಜ್ವರ ಬಂದಾಗ ಡಾಕ್ಟರನ್ನು ಮನೆಗೇ ಕರೆಸಿದರು, ಡಾಕ್ಟರು ಹೋದ ಮೇಲೆ ಚಮಚಗಳನ್ನು ಎಣಿಸಿದರು. ಆವತ್ತು ನನಗೆ ಹೆದರಿಕೆಯಾಯಿತು. ನಾನು ಸತ್ತರೂ ಇವರು ಮೊದಲು ಎಣಿಸುವುದು ಚಮಚಗಳನ್ನೇ ಅನಿಸಿತು.

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಮುಚ್ಚಳ ಕಳಿಸಿ, ತಮ್ಮ ಬರುತ್ತಾನೆ ಅಂತ ದಿನಾ ಗಾಡಿಯ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಕೊನೆಗೆ ಮನೆ ಮುಂದೆ ಲಾರಿ ನಿಂತಿತು. ಹಂಡೆ ಬರುವುದು ನಿನ್ನ ಪತ್ರದಿಂದ ಗೊತ್ತಿತ್ತು, ಆದರೂ ಅದರ ಜೊತೆ ನೀನೂ ಬಂದಿರಬಹುದು ಅಂತ ಓಡಿ ಬಾಗಿಲ ಹಿಂದೆ ನಿಂತೆ. ಇಬ್ಬರು ಆಳುಗಳು ಹಂಡೆ ಹೊತ್ತುಕೊಂಡು ಒಳಗೆ ಬಂದರು. ಅದನ್ನು ನನ್ನ ಕಿಟಕಿಗೆ ಅಡ್ಡ ಇಟ್ಟರು. ಪೆದ್ದ ಕಣೋ ನೀನು. ಆವತ್ತು ಸಂಜೆ ಅದರೊಳಗೆ ಬಗ್ಗಿ ನೋಡಿದರೆ ನಿನ್ನ ಕಲಾಯಿಯಲ್ಲಿ ನನ್ನ ಮುಖ ಕಂಡಿತು. ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದೀಯ ಅಂತ ಹೆಮ್ಮೆಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ಅಂಗಡಿಯ ಸಂಗತಿ ತಿಳಿಯಿತು. ಅದಕ್ಕೆ ನಾಚಿಕೆ ಯಾಕೆ? ಪಾತ್ರೆ ತಿಕ್ಕುವುದರಲ್ಲಿ ಈಗ ನನ್ನನ್ನು ಮೀರಿಸುವವರಿಲ್ಲ. ಹಿಂದಿನ ಕೋಣೆಯಲ್ಲಿ ನನಗೂ ಒಂದು ಚಾಪೆ ಹಾಸು.

ಏಳನೇ ತಾರೀಕು ಅವರು ಬಾಗಿಲು ತೆಗೆದಾಗ ನಾನು ಚಪ್ಪಲಿ ಹಾಕಿಕೊಂಡು ನಿಂತಿರುತ್ತೇನೆ. ಹಂಡೆಯನ್ನು ಮುಟ್ಟಬೇಡ, ಅದು ಅವರದು, ಅಲ್ಲೇ ಇರಲಿ. ರಸೀದಿಗೆ ಸಹಿ ಹಾಕಬೇಡ. ಹಿಂದಿರುಗಿಸುವ ದಿನ ಅಂತ ಅದರಲ್ಲಿ ಒಂದು ಕಾಲಂ ಇದ್ದೇ ಇರುತ್ತದೆ. ಅವರು ಏನಾದರೂ ಅಂದರೆ ಜಗಳ ಆಡಬೇಡ, ನನ್ನ ಕೈ ಹಿಡಿದುಕೋ ಸಾಕು. ಬೀದಿಯಲ್ಲಿ ನಡೆದು ಅಭ್ಯಾಸ ತಪ್ಪಿದೆ.

ನೀಲಿ ಡಬ್ಬಿಯನ್ನು ತರಲೇ ಅಂತ ಎರಡು ದಿನ ಯೋಚನೆ ಮಾಡಿದೆ. ಅದರ ಗುಂಡಿಯನ್ನಾದರೂ ಕಿತ್ತು ತರೋಣ ಅನಿಸಿತು. ಬೇಡ, ಅದೂ ೪೧೩ರ ಭಾಗ. ಉಟ್ಟ ಬಟ್ಟೆ ಬಿಟ್ಟರೆ ಈ ಮನೆಯಿಂದ ನನ್ನ ಜೊತೆ ಏನೂ ಬರುವುದಿಲ್ಲ.

ಅಪ್ಪನ ಮಾತು ಕೇಳಿದೆಯಲ್ಲ, ಉತ್ತರ ಬರೆದುಕೋ. ಖಾಲಿ ಇದೆ. ಚಿಕ್ಕ ಗಾಡಿ ಸಾಕು.

ಅಕ್ಕ